ಧಾರೆ ಎರೆಯುವವರು ಯಾರು?

ಮದುವೆ ಮಾಡಿಸುವುದು ನನ್ನ ಕಸುಬು. ಶಿರಸಿ, ಸಿದ್ದಾಪುರದ ಹಳ್ಳಿಗಳಲ್ಲಿ ಅಡಿಕೆ ಸೋಗೆಯ ಚಪ್ಪರದಡಿ ಮಾಡಿಸಿದ್ದೇನೆ, ಪೇಟೆಯ ಕಲ್ಯಾಣಮಂಟಪದ ಬಣ್ಣದ ದೀಪಗಳಡಿಯೂ ಮಾಡಿಸಿದ್ದೇನೆ. ದಿನ ಗೊತ್ತುಮಾಡಲು ಬರುವವರೆಲ್ಲ ಹೇಳುವ ಮಾತು ಒಂದೇ: "ಎಲ್ಲಾ ಶಾಸ್ತ್ರೋಕ್ತ ಆಗ್ಲಿ ಭಟ್ರೇ, ಹನ್ನೆರಡೂವರೆಗೆ ಮಾತ್ರ ಎಲೆ ಹಾಕ್ಬೇಕು." ಈ ಎರಡನ್ನೂ ಒಟ್ಟಿಗೆ ಸಾಧಿಸುವ ವಿದ್ಯೆಗೆ ಈಗ ಪೌರೋಹಿತ್ಯ ಎಂದು ಹೆಸರು.

ಶಾಸ್ತ್ರೋಕ್ತ ಎನ್ನುವಾಗ ಅವರ ಕಣ್ಣೆದುರು ಇರುವುದು ಅಜ್ಜನ ಮದುವೆ. ಅಜ್ಜನ ಮದುವೆಯಲ್ಲಿ ಇದ್ದದ್ದೆಲ್ಲ ವೇದಕಾಲದ್ದು, ಅಲ್ಲಿಂದೀಚೆಗೆ ಬಂದದ್ದೆಲ್ಲ ಕಲಿಯ ಪ್ರಭಾವ. ಮೆಹಂದಿ, ಸಂಗೀತ, ಹಳದಿ ಎಂದು ಉತ್ತರದಿಂದ ಟಿ.ವಿ. ದಾರಿ ಹಿಡಿದು ಬಂದ ಸಂಭ್ರಮಗಳನ್ನು ಕಂಡು ಹಿರಿಯರು ಗೊಣಗುತ್ತಾರೆ, "ಇದೆಲ್ಲ ನಮ್ಮದಲ್ಲ" ಎಂದು. ನಿಜ, ನಮ್ಮದಲ್ಲ. ಆದರೆ "ನಮ್ಮದು" ಎಂದು ಅವರು ಎದೆ ತಟ್ಟಿಕೊಳ್ಳುವುದರಲ್ಲಿ ಎಷ್ಟು ಹಳೆಯದು, ಯಾವುದು ಹಳೆಯದು ಎಂದು ಕೇಳಿದರೆ ಪ್ರಶ್ನೆ ತಾಳಿಯ ಬುಡಕ್ಕೇ ಬರುತ್ತದೆ. ಗೃಹ್ಯಸೂತ್ರಗಳಲ್ಲಿ ತಾಳಿಯ ಸುದ್ದಿಯೇ ಇಲ್ಲ. ಧರ್ಮಶಾಸ್ತ್ರದ ಇತಿಹಾಸ ಬರೆದ ಪಾಂಡುರಂಗ ವಾಮನ ಕಾಣೆಯವರು ಇದನ್ನು ಸಂಕೋಚವಿಲ್ಲದೆ ಹೇಳಿದ್ದಾರೆ. ಇವತ್ತು ವಾಲಗದವರು ಗಟ್ಟಿಮೇಳ ಬಾರಿಸಿ, ಛಾಯಾಗ್ರಾಹಕರು ಮುಗಿಬಿದ್ದು, ಇಡೀ ಮಂಟಪ ಅಕ್ಷತೆ ಎಸೆಯುವ ಆ ಗಳಿಗೆ ಸೂತ್ರಕಾರರ ಕಣ್ಣಿಗೆ ಬಿದ್ದೇ ಇರಲಿಲ್ಲ. ಅವರು ಹೇಳಿದ್ದು ಬೇರೆ: ಕೈ ಹಿಡಿಯುವುದು, ಅಗ್ನಿಗೆ ಸುತ್ತು ಬರುವುದು, ಅರಳನ್ನು ಹೋಮಿಸುವುದು, ಕಲ್ಲು ಮೆಟ್ಟುವುದು, ಏಳು ಹೆಜ್ಜೆ ನಡೆಯುವುದು, ಇರುಳಿಗೆ ಧ್ರುವನನ್ನೂ ಅರುಂಧತಿಯನ್ನೂ ನೋಡುವುದು. ಈಗ ಇವೆಲ್ಲ ನಡೆಯುವಾಗ ಮಂಟಪದ ಮುಕ್ಕಾಲು ಜನ ಊಟದ ಪಂಕ್ತಿಯಲ್ಲಿರುತ್ತಾರೆ. ಅರುಂಧತಿಯನ್ನಂತೂ ನಡುಹಗಲಲ್ಲಿ ತೋರಿಸುತ್ತೇವೆ.

ಸೂತ್ರಕಾರರು ನಮಗಿಂತ ಪ್ರಾಮಾಣಿಕರು. ಆಶ್ವಲಾಯನ ಮದುವೆಯ ಪ್ರಕರಣಕ್ಕೆ ಕೈ ಹಾಕುವಾಗಲೇ, ದೇಶದೇಶದ ಊರೂರಿನ ಪದ್ಧತಿಗಳು ಬಗೆಬಗೆಯಾಗಿವೆ, ಮದುವೆಯಲ್ಲಿ ಅವನ್ನೇ ಅನುಸರಿಸಬೇಕು ಎಂದುಬಿಡುತ್ತಾನೆ. ಎಲ್ಲರಿಗೂ ಸಮಾನವಾದಷ್ಟನ್ನು ಮಾತ್ರ ತಾನು ಹೇಳುತ್ತೇನೆ ಎನ್ನುತ್ತಾನೆ. ಆಪಸ್ತಂಬ ಇನ್ನೂ ಒಂದು ಹೆಜ್ಜೆ ಮುಂದೆ: ಆಚಾರ ಏನೇನಿದೆ ಎಂದು ಹೆಂಗಸರನ್ನು ಕೇಳಿ ತಿಳಿದುಕೊಳ್ಳಿ ಎಂದು ವಿಧಿಸುತ್ತಾನೆ. ವೇದಾಧಿಕಾರವಿಲ್ಲ ಎಂದು ಯಾರನ್ನು ಪಾಠದ ಜಗಲಿಯಿಂದ ಕೆಳಗಿಳಿಸಿದರೋ ಅವರನ್ನೇ ಕೇಳಿ ಮದುವೆ ಮಾಡಿಸಬೇಕಂತೆ. ನಮ್ಮ ಕಡೆ ಇದು ಬರಿಯ ಪುಸ್ತಕದ ಮಾತಲ್ಲ. ಹಸೆಯ ಹಾಡು ಹಾಡುವ ಹಿರಿಯ ಹೆಂಗಸರು ಒಂದು ಕಾಲಕ್ಕೆ ಪ್ರತಿ ಮದುವೆಯ ನಿಜವಾದ ಯಜಮಾನರು. ನಾನು ಮಂತ್ರ ಹಿಡಿದು ಓಡುತ್ತಿದ್ದರೆ "ತಡೆಯೋ ಭಟ್ಟ, ಹಾಡು ಮುಗದ್ದಿಲ್ಲೆ" ಎಂದು ಗದರಿದ್ದುಂಟು. ಗದರುವವರು ಕಡಿಮೆಯಾಗಿದ್ದಾರೆ. ಈಗ ನನ್ನನ್ನು ತಡೆಯುವವನು ವಿಡಿಯೋದವನು. ಅವನು ತಡೆದರೆ ಮಂತ್ರವನ್ನು ಎರಡನೇ ಸಲವೂ ಹೇಳಬೇಕು.

ಹಾಗಾದರೆ ಮದುವೆಯಲ್ಲಿ ಸನಾತನವಾದದ್ದು ಯಾವುದು? ಇದು ಮಂಟಪದಲ್ಲಿ ಯಾರೂ ಕೇಳದ, ಹೋಮಕುಂಡದ ಹೊಗೆಯಲ್ಲಿ ಕಣ್ಣು ಉಜ್ಜಿಕೊಳ್ಳುವಾಗ ನನಗೆ ಮಾತ್ರ ಬರುವ ಪ್ರಶ್ನೆ.

ನಮ್ಮದು ಬೋಧಾಯನ ಸೂತ್ರ. ಅದರ ಪ್ರಕಾರ ಮದುವೆಯಾದ ಗಂಡು ಹೆಣ್ಣು ಮೂರು ರಾತ್ರಿ ಉಪ್ಪು ಖಾರ ಬಿಟ್ಟು, ನೆಲದ ಮೇಲೆ ಮಲಗಿ ಬ್ರಹ್ಮಚರ್ಯದಲ್ಲಿರಬೇಕು. ಇಬ್ಬರ ನಡುವೆ ಒಂದು ಅತ್ತಿಯ ಕೋಲು. ವಿಶ್ವಾವಸು ಎಂಬ ಗಂಧರ್ವ ಅದರಲ್ಲಿದ್ದಾನೆ. ನಾಲ್ಕನೆಯ ದಿನ ಅವನನ್ನು ಎಬ್ಬಿಸಿ ಕಳಿಸಿದ ಮೇಲೆ ಸಂಸಾರ. ಇದನ್ನು ಬರೆದವನ ಮನಸ್ಸಿನಲ್ಲಿದ್ದ ವಧು ಮೈನೆರೆದ ಹೆಣ್ಣು, ಇದಕ್ಕೆ ಬೇರೆ ಸಾಕ್ಷಿ ಬೇಡ. ಎಂಟು ವರ್ಷದ ಹುಡುಗಿಯ ಮಗ್ಗುಲಲ್ಲಿ ಗಂಧರ್ವನನ್ನು ಕಾವಲು ಕೂರಿಸುವ ಅಗತ್ಯವೇನಿತ್ತು? ಋಗ್ವೇದದ ಹತ್ತನೆಯ ಮಂಡಲದಲ್ಲಿರುವ ಸೂರ್ಯೆಯ ಮದುವೆಯ ಸೂಕ್ತವೂ ಹಾಗೆಯೇ. ನಾವು ಇಂದಿಗೂ ಹೇಳುವ ವಿವಾಹಮಂತ್ರಗಳಲ್ಲಿ ಬಹುಪಾಲು ಅಲ್ಲಿಂದ ಬಂದವು, ಅಲ್ಲಿರುವವಳು ಗಂಡನ ಮನೆಗೆ ಹೋಗಿ ಆಳುವಂಥ ಹೆಣ್ಣು.

ಅನಂತರ ಬಂದ ಸ್ಮೃತಿಗಳು ವಯಸ್ಸನ್ನು ಇಳಿಸುತ್ತ ಹೋದವು, ಹೆಣ್ಣು ನೆರೆಯುವ ಮೊದಲೇ ಕೊಡದಿದ್ದರೆ ಅಪ್ಪನಿಗೆ ನರಕ ಎಂದವು. ಮಂತ್ರಗಳು ಮಾತ್ರ ಬದಲಾಗಲಿಲ್ಲ. ತೊಡೆಯ ಮೇಲೆ ಕೂತು ನಿದ್ದೆ ಹೋದ ಮಗುವಿನ ಪರವಾಗಿ ಪ್ರೌಢೆಯ ಮಂತ್ರ ಹೇಳಿದರು ನಮ್ಮ ಹಿರಿಯರು. ನಾಲ್ಕನೆಯ ದಿನದ ಕರ್ಮವನ್ನು ಅರ್ಥವಿಲ್ಲದೆ ಮಾಡಿ ಮುಗಿಸಿ, ಹುಡುಗಿ ದೊಡ್ಡವಳಾದ ಮೇಲೆ ಪ್ರಸ್ತ ಎಂದು ಇನ್ನೊಂದು ಶಾಸ್ತ್ರ ಇಟ್ಟುಕೊಂಡರು. ಮೈಸೂರು ಸಂಸ್ಥಾನ 1894ರಲ್ಲಿ, ಎಂಟು ತುಂಬದ ಹುಡುಗಿಯ ಮದುವೆ ಮಾಡಬಾರದು, ಐವತ್ತು ದಾಟಿದ ಗಂಡಸು ಹದಿನಾಲ್ಕು ತುಂಬದವಳನ್ನು ಮದುವೆಯಾಗಬಾರದು ಎಂದು ಕಾನೂನು ತಂದಿತು. ಎಂಟು! ಅಷ್ಟನ್ನು ಹೇಳುವುದಕ್ಕೂ ಕಾನೂನು ಬೇಕಾಯಿತು, ಅದಕ್ಕೂ ಧರ್ಮ ಕೆಟ್ಟಿತೆಂಬ ಕೂಗು ಎದ್ದಿತು. ಆಮೇಲೆ 1929ರ ಶಾರದಾ ಕಾಯಿದೆ ಹುಡುಗಿಗೆ ಹದಿನಾಲ್ಕು, ಹುಡುಗನಿಗೆ ಹದಿನೆಂಟು ಎಂದಿತು. ಅದು ಇಡೀ ಬ್ರಿಟಿಷ್ ಇಂಡಿಯಾಕ್ಕೆ, ಅಂದರೆ ಮುಂಬಯಿ ಪ್ರಾಂತ್ಯದಲ್ಲಿದ್ದ ನಮ್ಮ ಜಿಲ್ಲೆಗೂ ಅನ್ವಯ. ಈಗ ಮೂವತ್ತರ ಆಸುಪಾಸಿನ ಹುಡುಗಿಯರು ಹಸೆಗೆ ಏರುತ್ತಾರೆ. ಇದನ್ನು ಸೂತ್ರದಿಂದ ಜಾರಿದ್ದು ಎನ್ನುವವರಿದ್ದಾರೆ. ನಾನು ಮರಳಿದ್ದು ಎನ್ನುತ್ತೇನೆ, ಆದರೆ ಪೂರ್ತಿಯಾಗಿ ಅಲ್ಲ: ಆ ಮೂರು ರಾತ್ರಿಗಳನ್ನು ಈಗ ಮೂರು ಗಂಟೆಗಳೊಳಗೆ ಮಡಚಿ, ಅದೇ ಬೆಳಿಗ್ಗೆ ಚತುರ್ಥಿ ಹೋಮವನ್ನೂ ಮುಗಿಸಿ, ಗಂಧರ್ವನಿಗೆ ಕೂರಲಿಕ್ಕೂ ಬಿಡದೆ ಎಬ್ಬಿಸುತ್ತೇವೆ.

ಇನ್ನು ದುಡ್ಡಿನ ವಿಷಯ. ಇಲ್ಲಿ ನನ್ನ ಮೆಚ್ಚಿನ ಗ್ರಂಥ ಸ್ಮೃತಿಯಲ್ಲ, ಮೀಮಾಂಸೆ. ಜೈಮಿನಿಯ ಆರನೆಯ ಅಧ್ಯಾಯದಲ್ಲಿ ಒಂದು ವಾದವಿದೆ. ಹೆಂಗಸರಿಗೆ ಯಜ್ಞದಲ್ಲಿ ಅಧಿಕಾರವಿದೆಯೇ? ಪೂರ್ವಪಕ್ಷದವನು ಇಲ್ಲ ಎನ್ನುತ್ತಾನೆ. ಅವಳ ಅಪ್ಪನಿಗೆ ನೂರು ಹಸು, ಒಂದು ರಥ ಕೊಟ್ಟು ಅವಳನ್ನು ಕೊಂಡು ತರಲಾಗಿದೆ. ಕೊಂಡ ವಸ್ತುವಿಗೆ ಸ್ವಂತದ ಆಸ್ತಿ ಎಲ್ಲಿಂದ ಬಂತು, ಆಸ್ತಿಯಿಲ್ಲದವಳು ಯಜ್ಞ ಹೇಗೆ ಮಾಡಿಯಾಳು? ಸಿದ್ಧಾಂತಿ ಉತ್ತರ ಕೊಡುತ್ತಾನೆ: ಅದು ಕ್ರಯವಲ್ಲ, ಧರ್ಮಕ್ಕಾಗಿ ಕೊಟ್ಟದ್ದು. ಕ್ರಯವೆಂದ ಮೇಲೆ ಬೆಲೆ ಏರಬೇಕು, ಇಳಿಯಬೇಕು. ಇಲ್ಲಿ ಹೆಣ್ಣು ರೂಪವತಿಯಾಗಿರಲಿ ಬಿಡಲಿ, ಕೊಡುವುದು ಅಷ್ಟೇ. ಶಬರಸ್ವಾಮಿಯ ಭಾಷ್ಯದಲ್ಲಿ ಇದನ್ನು ಮೊದಲ ಸಲ ಓದಿದಾಗ ಆ ತರ್ಕದ ಜಾಣತನಕ್ಕೆ ತಲೆದೂಗಿದ್ದೆ. ಆಮೇಲೆ ನಮ್ಮ ಊರಿನ ಲೆಕ್ಕಕ್ಕೆ ಅದನ್ನು ಹಚ್ಚಿ ನೋಡಿದೆ.

ಹೊನ್ನಾವರದ ಹತ್ತಿರ ಕರ್ಕಿ ಎಂಬ ಊರಿದೆ. ಅಲ್ಲಿಯ ಸೂರಿ ವೆಂಕಟರಮಣ ಶಾಸ್ತ್ರಿಗಳು 1887ರಲ್ಲಿ ಒಂದು ಪ್ರಹಸನ ಪ್ರಕಟಿಸಿದರು, ಇಗ್ಗಪ್ಪ ಹೆಗಡೆಯ ವಿವಾಹದ್ದು. ಆಧುನಿಕ ಕನ್ನಡದ ಮೊದಲ ಸಾಮಾಜಿಕ ನಾಟಕ ಎಂದು ಸಾಹಿತ್ಯ ಚರಿತ್ರೆಯವರು ಅದನ್ನು ಹೆಸರಿಸುತ್ತಾರೆ. ನನಗೆ ಅದು ಮುಖ್ಯವಾಗುವುದು ಬೇರೆ ಕಾರಣಕ್ಕೆ. ಆ ನಾಟಕದ ಹೆಸರಿನಲ್ಲೇ "ಕನ್ಯಾವಿಕ್ರಯ" ಇದೆ. ಹೆಣ್ಣು ಕೊಡುವ ಅಪ್ಪ ಗಂಡಿನ ಕಡೆಯಿಂದ ದುಡ್ಡು ಎಣಿಸಿಕೊಳ್ಳುತ್ತಿದ್ದ ಕಾಲ ಅದು, ಮತ್ತು ಹಾಗೆ ಎಣಿಸಿಕೊಳ್ಳುತ್ತಿದ್ದವರು ನಾವೇ, ವೇದ ಓದಿದ ಹವ್ಯಕರು. ಅಲ್ಪಸ್ವಲ್ಪ ಶುಲ್ಕ ತೆಗೆದುಕೊಂಡರೂ ಅಪ್ಪ ಮಗಳನ್ನು ಮಾರಿದಂತೆ ಎಂದು ಮನು ಬಯ್ದಿದ್ದರೂ ಹೀಗಿತ್ತು. ಸುತ್ತಲಿನ ಎಷ್ಟೋ ಜಾತಿಗಳಲ್ಲಿ ತೆರ ಎಂದು ಹೆಣ್ಣಿನ ಮನೆಗೆ ಕೊಡುವ ಪದ್ಧತಿ ಮುಚ್ಚುಮರೆಯಿಲ್ಲದೆ ನಡೆದಿತ್ತು. ಅಲ್ಲಿ ಅದು ಊರಿನ ಹಿರಿಯರ ಎದುರು ನಿಗದಿಯಾದ ಮೊತ್ತ, ಬಡವ ಬಲ್ಲಿದ ಎನ್ನದೆ ಹೆಚ್ಚುಕಡಿಮೆ ಒಂದೇ. ಜೈಮಿನಿಯ ಅಳತೆಗೋಲಿನಿಂದ ಅಳೆದರೆ ತೆರ ಕ್ರಯವಲ್ಲ, ಧರ್ಮ. ನಮ್ಮಲ್ಲಿಯದು ಗಂಡಿನ ವಯಸ್ಸು ಏರಿದಂತೆ ಏರುವ, ತೋಟದ ಎಕರೆ ನೋಡಿ ಕುದುರುವ ದುಡ್ಡು. ಅದು ಅಪ್ಪಟ ಕ್ರಯ. ಯಾರನ್ನು ಶೂದ್ರಾಚಾರದವರೆಂದು ಕೆಳಗಿಟ್ಟು ಮಾತಾಡುತ್ತಿದ್ದೆವೋ ಅವರ ಮದುವೆ ಮೀಮಾಂಸೆಗೆ ಹತ್ತಿರವಿತ್ತು, ನಮ್ಮದು ಸಂತೆಗೆ.

ಮುಂದೆ ಕಾಲ ಮಗುಚಿತು. ಇಂಗ್ಲಿಷ್ ಓದಿ ನೌಕರಿ ಹಿಡಿದ ಗಂಡುಗಳು ಬಂದರು, ದುಡ್ಡಿನ ಹೊಳೆ ತಿರುವು ತೆಗೆದುಕೊಂಡು ಅತ್ತಲಿಂದ ಇತ್ತ ಹರಿಯತೊಡಗಿತು. ನಾನು ಈ ಕಸುಬಿಗೆ ಇಳಿದ ಹೊಸತರಲ್ಲಿ ನಿಶ್ಚಿತಾರ್ಥದ ಚಾಪೆಯ ಮೇಲೆ ಇಂಜಿನಿಯರಿಗೆ ಇಷ್ಟು, ಬ್ಯಾಂಕಿನವನಿಗೆ ಇಷ್ಟು ಎಂದು ಪಿಸುಮಾತಿನಲ್ಲಿ ಲೆಕ್ಕ ನಡೆಯುತ್ತಿತ್ತು. ವರದಕ್ಷಿಣೆ ನಿಷೇಧದ ಕಾಯಿದೆ 1961ರಲ್ಲೇ ಬಂದಿತ್ತು. ಅದರಿಂದ ಆದ ಬದಲಾವಣೆಯೆಂದರೆ ಜೋರುಮಾತು ಪಿಸುಮಾತಾದದ್ದು. ಜೈಮಿನಿಯ ಅದೇ ಗೋಲನ್ನು ಇಲ್ಲಿಗೂ ಹಿಡಿಯಿರಿ. ಸರಕಿನ ಗುಣಕ್ಕೆ ತಕ್ಕಂತೆ ಬೆಲೆ ಏರಿಳಿದರೆ ಅದು ಕ್ರಯ ತಾನೆ? ಹಾಗಿದ್ದರೆ ಮಾರಾಟವಾದವನು ಮಾಣಿ. ಕೊಂಡ ವಸ್ತುವಿಗೆ ಯಜ್ಞದಲ್ಲಿ ಅಧಿಕಾರವಿಲ್ಲ ಎಂಬ ಪೂರ್ವಪಕ್ಷದವನ ಮಾತನ್ನು ಒಪ್ಪಿದರೆ, ಹೋಮಕ್ಕೆ ಕೂರುವ ಅರ್ಹತೆ ಕಳೆದುಕೊಂಡವನು ವರ! ಒಂದು ಮದುವೆಯಲ್ಲಿ ಇದನ್ನು ತಮಾಷೆಗೆ ಹೇಳಿದೆ. ವರನ ಅಪ್ಪ ನಗಲಿಲ್ಲ. ದಕ್ಷಿಣೆಯಲ್ಲಿ ಅದು ಗೊತ್ತಾಯಿತು.

ಈಗ ಮೂರನೆಯ ತಿರುವು. ಹುಡುಗಿಯರು ಓದಿ ಬೆಂಗಳೂರು ಸೇರಿದರು, ಮೂರು ಎಕರೆ ಅಡಿಕೆ ತೋಟ ನೋಡಿಕೊಂಡಿರುವ ಗಂಡಿಗೆ ಹೆಣ್ಣಿಲ್ಲ. ನಲವತ್ತರ ಹತ್ತಿರದ ಎಷ್ಟೋ ಮಾಣಿಗಳ ಜಾತಕ ನನ್ನ ಪೆಟ್ಟಿಗೆಯಲ್ಲಿದೆ. ಕೆಲವರು ಕಾಶಿಯ ಕಡೆಯಿಂದ, ಉತ್ತರದ ಬೇರೆ ಊರುಗಳಿಂದ ಹೆಣ್ಣು ತಂದಿದ್ದಾರೆ. ಅಂಥ ಮದುವೆಯಲ್ಲಿ ಖರ್ಚೆಲ್ಲ ಗಂಡಿನ ಕಡೆಯದು, ಬರುವ ನೆಂಟರ ರೈಲಿನ ಟಿಕೇಟು ಕೂಡ. ನಡುವಿನ ದಲ್ಲಾಳಿಗೂ ಒಂದಿಷ್ಟು. ಹೆಣ್ಣಿನ ಚಿಕ್ಕಮ್ಮ ಸಿಂಧೂರ ಎಲ್ಲಿ ಎಂದು ಹಿಂದಿಯಲ್ಲಿ ಕೇಳುತ್ತಾಳೆ, ನಮ್ಮ ಅತ್ತೆ ಕಾಲುಂಗುರ ಎಲ್ಲಿ ಎಂದು ಹವಿಗನ್ನಡದಲ್ಲಿ ಕೇಳುತ್ತಾಳೆ. ಆಪಸ್ತಂಬನ ಅಪ್ಪಣೆಯಂತೆ ನಾನು ಎರಡಕ್ಕೂ ತಲೆ ಆಡಿಸುತ್ತೇನೆ. ಆ ಹುಡುಗಿಯರಲ್ಲಿ ಕೆಲವರು ಈಗ ನನಗಿಂತ ಚೆನ್ನಾಗಿ ತಂಬುಳಿ ಮಾಡುತ್ತಾರೆ. ಆದರೆ ಇಗ್ಗಪ್ಪ ಹೆಗಡೆಯ ಕಾಲ ಬೇರೆ ವೇಷದಲ್ಲಿ ಬಂದಿದೆಯೋ ಎಂಬ ಅನುಮಾನ ಆ ದಲ್ಲಾಳಿಯ ಮುಖ ಕಂಡಾಗಲೆಲ್ಲ ಏಳುತ್ತದೆ.

ಕನ್ಯಾದಾನದ ಪ್ರಶ್ನೆ ಇದಕ್ಕೆ ಅಂಟಿಕೊಂಡೇ ಇದೆ. ಐಟಿ ಕೆಲಸದಲ್ಲಿದ್ದ ಒಬ್ಬ ಹುಡುಗಿ ನಾಂದಿಯ ದಿನ ನೇರವಾಗಿ ಕೇಳಿದಳು: "ದಾನ ಕೊಡಲೆ ಆನೆಂತ ಆಕಳಾ ಭಟ್ರೇ?" ಅವಳ ಅಪ್ಪ ಕಣ್ಣು ಬಿಟ್ಟರು. ನನಗೆ ಖುಷಿಯಾಯಿತು, ಏಕೆಂದರೆ ಇದೂ ಮೀಮಾಂಸೆಯಲ್ಲಿ ಬಂದುಹೋದ ಪ್ರಶ್ನೆ. ವಿಶ್ವಜಿತ್ ಎಂಬ ಯಾಗದಲ್ಲಿ ಯಜಮಾನ ತನ್ನದೆಲ್ಲವನ್ನೂ ದಾನ ಕೊಡಬೇಕು. ತನ್ನದೆಲ್ಲ ಎಂದರೆ ಅಪ್ಪ ಅಮ್ಮನನ್ನೂ ಕೊಡಬೇಕೆ? ಕೊಡಲಾಗದು ಎಂಬುದು ತೀರ್ಮಾನ. ನನ್ನವರು ಎಂದು ಕರೆಯುವುದು ಸಂಬಂಧದಿಂದ, ಒಡೆತನದಿಂದಲ್ಲ. ಒಡೆತನವಿಲ್ಲದ್ದನ್ನು ದಾನ ಮಾಡಲು ಬರುವುದಿಲ್ಲ. ಮಗಳ ಮೇಲೂ ಅಪ್ಪನಿಗೆ ಒಡೆತನವಿಲ್ಲ ಎಂಬ ತೊಡಕು ಕಂಡ ಮುಂದಿನ ಪಂಡಿತರು, ಕನ್ಯಾದಾನದಲ್ಲಿ ದಾನ ಎನ್ನುವುದು ಗೌಣಾರ್ಥದ ಬಳಕೆ ಎಂದು ಸಮಾಧಾನ ಹೇಳಿದರು. ನಾನು ಅವಳಿಗೆ ಇಷ್ಟನ್ನೂ ಹೇಳಿದೆ. ಅವಳು ಸ್ವಲ್ಪ ಹೊತ್ತು ಯೋಚಿಸಿ, "ಹಾಗಾದರೆ ಕೊಡುವ ಹಾಗೆ ನಟಿಸುವುದು ಯಾಕೆ?" ಎಂದಳು. ಆ ಮದುವೆಯಲ್ಲಿ ಧಾರೆ ನಡೆಯಿತು, ಅಪ್ಪನ ಕಣ್ಣೀರಿಗೆ ಅವಳು ಸೋತಳು. ಅವಳ ಪ್ರಶ್ನೆ ಸೋಲಲಿಲ್ಲ. ಅಲಹಾಬಾದ್ ಉಚ್ಚ ನ್ಯಾಯಾಲಯ 2024ರ ಮಾರ್ಚ್‌ನಲ್ಲಿ ಒಂದು ಪ್ರಕರಣದಲ್ಲಿ ಹೇಳಿತು: ಹಿಂದೂ ಮದುವೆಗೆ ಕನ್ಯಾದಾನ ಅತ್ಯಗತ್ಯವಲ್ಲ, ಕಾನೂನು ಹೆಸರಿಸುವುದು ಸಪ್ತಪದಿಯನ್ನು. 1955ರ ಹಿಂದೂ ವಿವಾಹ ಕಾಯಿದೆಯ ಏಳನೆಯ ಕಲಮಿನಲ್ಲಿರುವುದೂ ಅದೇ. ವಧು ಇಲ್ಲವೇ ವರನ ಕಡೆಯ ರೂಢಿಯಂತೆ ಮದುವೆ ಮಾಡಬಹುದು, ಸಪ್ತಪದಿ ಇರುವಲ್ಲಿ ಏಳನೆಯ ಹೆಜ್ಜೆ ಇಟ್ಟಾಗ ಅದು ಪೂರ್ಣ. ನೋಡಿ, ಸಂಸತ್ತು ಕೂಡ ಆಶ್ವಲಾಯನನ ದಾರಿಯನ್ನೇ ಹಿಡಿಯಿತು, ಮೊದಲು ರೂಢಿ, ಆಮೇಲೆ ಸೂತ್ರ.

ಅಲಹಾಬಾದಿನ ಆ ತೀರ್ಪಿನ ಮರುತಿಂಗಳು ಸರ್ವೋಚ್ಚ ನ್ಯಾಯಾಲಯದಲ್ಲಿ, ನಮ್ಮ ಕರ್ನಾಟಕದವರೇ ಆದ ನ್ಯಾಯಮೂರ್ತಿ ನಾಗರತ್ನ ಅವರಿದ್ದ ಪೀಠ, ವಿಧಿಗಳೇ ನಡೆಯದೆ ಪಡೆದ ನೋಂದಣಿ ಪತ್ರದಿಂದ ಹಿಂದೂ ಮದುವೆ ಆಗುವುದಿಲ್ಲ ಎಂದಿತು. ಮದುವೆ ಹಾಡು ಕುಣಿತ ಊಟೋಪಚಾರಗಳ ಸಮಾರಂಭವಲ್ಲ ಎಂಬ ಕಿವಿಮಾತೂ ಅದರಲ್ಲಿತ್ತು. ಪುರೋಹಿತರ ವಾಟ್ಸ್‌ಆ್ಯಪ್ ಗುಂಪಿನಲ್ಲಿ ದೀಪಾವಳಿ. ನನಗೆ ಅಷ್ಟು ಉತ್ಸಾಹ ಬರಲಿಲ್ಲ. ಏಳು ಹೆಜ್ಜೆ ನಡೆದದ್ದಕ್ಕೆ ನಾಳೆ ಕೋರ್ಟು ಪುರಾವೆ ಕೇಳಿದರೆ ಅಗ್ನಿ ಬಂದು ಸಾಕ್ಷಿ ಹೇಳುವುದಿಲ್ಲ, ವಿಡಿಯೋ ಹೇಳುತ್ತದೆ. ನನ್ನನ್ನು ತಡೆದು ನಿಲ್ಲಿಸುವ ಆ ಹುಡುಗ ಈಗ ಅರ್ಧ ಅಗ್ನಿ.

ಮದುವೆ ಎಂಬುದಕ್ಕೇ ಒಂದು ಆರಂಭವಿತ್ತು ಎಂದು ಒಪ್ಪಿಕೊಳ್ಳುವ ಕಥೆಯೊಂದು ಮಹಾಭಾರತದ ಆದಿಪರ್ವದಲ್ಲಿದೆ. ಪಾಂಡು ಕುಂತಿಗೆ ಹೇಳುವುದು. ಹಿಂದೆ ಹೆಂಗಸರಿಗೆ ಕಟ್ಟುಪಾಡಿರಲಿಲ್ಲ, ಇಷ್ಟಬಂದವರೊಡನೆ ಇರುತ್ತಿದ್ದರು, ಅದು ತಪ್ಪೂ ಆಗಿರಲಿಲ್ಲ. ಒಂದು ದಿನ ಉದ್ದಾಲಕನ ಎದುರೇ ಒಬ್ಬ ಬ್ರಾಹ್ಮಣ ಬಂದು ಅವನ ಹೆಂಡತಿಯ ಕೈ ಹಿಡಿದು ಹೋಗೋಣ ಎಂದ. ಮಗ ಶ್ವೇತಕೇತು ಸಿಟ್ಟಿನಿಂದ ಉರಿದ. ಅಪ್ಪ ಸಮಾಧಾನಪಡಿಸಿದ, ಕೋಪ ಮಾಡಬೇಡ ಮಗೂ, ಇದು ಸನಾತನ ಧರ್ಮ ಎಂದು. ಹೌದು, ಕಥೆಯಲ್ಲಿ ಆ ಪದವೇ ಇದೆ, ಮತ್ತು ಅದು ಇರುವುದು ಮದುವೆಯ ಕಟ್ಟು ಇಲ್ಲದ ಸ್ಥಿತಿಯ ಪರವಾಗಿ. ಒಪ್ಪದ ಮಗ ಹೊಸ ಮರ್ಯಾದೆ ಹಾಕಿದ: ಗಂಡನನ್ನು ಮೀರಿ ನಡೆದ ಹೆಣ್ಣಿಗೂ, ಪತಿವ್ರತೆಯಾದ ಹೆಂಡತಿಯನ್ನು ಮೀರಿ ನಡೆದ ಗಂಡಿಗೂ ಸಮಾನ ಪಾಪ. ಹೇಳುವವರು ಇದರ ಮೊದಲರ್ಧವನ್ನೇ ಹೇಳುತ್ತಾರೆ. ತನಗೆ ಮಕ್ಕಳಿಲ್ಲವೆಂದು ನಿಯೋಗಕ್ಕೆ ಹೆಂಡತಿಯನ್ನು ಒಪ್ಪಿಸಲು ಪಾಂಡು ಈ ಕಥೆ ಹೇಳುತ್ತಿದ್ದಾನೆ ಎಂಬುದನ್ನೂ ಮರೆಯಬಾರದು. ಸನಾತನದ ನೆನಪಾಗುವುದು ಹೆಚ್ಚಾಗಿ ಯಾರಿಗೋ ಏನೋ ಬೇಕಾದಾಗಲೇ.

ಬದಲಾಯಿಸುವುದರಲ್ಲಿ ನಮ್ಮ ಶಾಸ್ತ್ರಕಾರರು ಹಿಂದೆ ಬಿದ್ದವರಲ್ಲ. ಬದಲಾಯಿಸಿದೆವು ಎಂದು ಹೇಳುವುದರಲ್ಲಿ ಮಾತ್ರ ಅವರಿಗೆ ನಾಚಿಕೆ. ಅದಕ್ಕಾಗಿ ಕಲಿವರ್ಜ್ಯ ಎಂಬ ಉಪಾಯ ಹುಡುಕಿದರು: ಹಿಂದಿನ ಯುಗಗಳಲ್ಲಿ ಇದು ಸರಿ, ಕಲಿಯುಗದಲ್ಲಿ ಮಾಡಕೂಡದು. ನಿಯೋಗ, ಬೇರೆ ವರ್ಣದ ಹೆಣ್ಣು ತರುವುದು, ವಿಧವೆಯ ಮರುಮದುವೆ ಎಲ್ಲ ಆ ಪಟ್ಟಿಗೆ ಸೇರಿದವು. ವಿಜಯನಗರದ ಬುಕ್ಕರಾಯನ ಮಂತ್ರಿಯಾಗಿದ್ದ ಮಾಧವಾಚಾರ್ಯರು ಪರಾಶರ ಸ್ಮೃತಿಗೆ ದೊಡ್ಡ ವ್ಯಾಖ್ಯಾನ ಬರೆದರು. ಗಂಡ ಕಾಣೆಯಾದರೆ, ಸತ್ತರೆ, ಸನ್ಯಾಸಿಯಾದರೆ, ನಪುಂಸಕನಾದರೆ, ಪತಿತನಾದರೆ ಹೆಣ್ಣಿಗೆ ಇನ್ನೊಬ್ಬ ಗಂಡನಿಗೆ ಅವಕಾಶವುಂಟು ಎಂದು ಪರಾಶರ ಬಿಡಿಸಿ ಹೇಳಿದ್ದಾನೆ. ಮಾಧವಾಚಾರ್ಯರು ಇದು ಬೇರೆ ಯುಗದ ಮಾತು ಎಂದು ತಳ್ಳಿಹಾಕಿದರು. ತಮಾಷೆಯೆಂದರೆ ಪರಾಶರ ಸ್ಮೃತಿ ತನ್ನನ್ನು ತಾನು ಕಲಿಯುಗದ ಸ್ಮೃತಿ ಎಂದೇ ಕರೆದುಕೊಳ್ಳುತ್ತದೆ! ಐದು ಶತಮಾನ ಬಿಟ್ಟು ಬಂಗಾಳದ ಈಶ್ವರಚಂದ್ರ ವಿದ್ಯಾಸಾಗರರು ಹಿಡಿದದ್ದು ಈ ಎಳೆಯನ್ನೇ. 1856ರಲ್ಲಿ ವಿಧವಾ ವಿವಾಹದ ಕಾನೂನು ಬಂತು. ಅದು ಬರುವ ಎಷ್ಟೋ ಮೊದಲೇ ನಮ್ಮ ನಾಡಿನ ನೇಗಿಲು ಹಿಡಿದ ಜಾತಿಗಳಲ್ಲಿ ಉಡಿಕೆ ಎಂದು ವಿಧವೆಗೆ ಸೀರೆ ಉಡಿಸಿ ಮರುಬಾಳು ಕೊಡುವುದು ನಡೆದೇ ಇತ್ತು. ಕಾನೂನು ಬೇಕಾದದ್ದು ನಮಗೆ.

ಅದೇ ಮಾಧವಾಚಾರ್ಯರು ಸೋದರಮಾವನ ಮಗಳನ್ನು ತರುವ ದಕ್ಷಿಣದ ರೂಢಿಯನ್ನು ವೇದದ ಆಧಾರ ಹುಡುಕಿ ಸಮರ್ಥಿಸಿದರು. ಉತ್ತರದವರಿಗೆ ಅದು ಮಹಾಪಾಪ. ಒಂದು ಕೈಯಲ್ಲಿ ಇದ್ದ ಅನುಮತಿಯನ್ನು ಕಿತ್ತುಕೊಂಡು, ಇನ್ನೊಂದು ಕೈಯಲ್ಲಿ ಊರಿನ ರೂಢಿಗೆ ಮುದ್ರೆ ಒತ್ತಿದ ಈ ವಿದ್ವಾಂಸರ ಬಗ್ಗೆ ನನಗೆ ಗೌರವ ಕಡಿಮೆಯಾಗಿಲ್ಲ, ಆದರೆ ಭಯ ಹೋಗಿದೆ. ಅವರಿಗಿಂತ ಹಿಂದೆ ಕಲ್ಯಾಣದಲ್ಲಿ, ಆರನೆಯ ವಿಕ್ರಮಾದಿತ್ಯನ ಆಳಿಕೆಯಲ್ಲಿ ಮಿತಾಕ್ಷರ ಬರೆದ ವಿಜ್ಞಾನೇಶ್ವರ ಹೆಚ್ಚು ಸರಳ. ಶಾಸ್ತ್ರದಲ್ಲಿ ಇದ್ದರೂ ಲೋಕ ಹೇಸುವುದನ್ನು ಮಾಡಬಾರದು ಎಂಬ ಯಾಜ್ಞವಲ್ಕ್ಯನ ಮಾತನ್ನು ಅವನು ಆಸ್ತಿ ಹಂಚಿಕೆಯ ಸಂದರ್ಭದಲ್ಲಿ ಎತ್ತಿ ಹಿಡಿಯುತ್ತಾನೆ. ಆಚಾರ ಬದಲಾಗುವುದರಿಂದ ಧರ್ಮ ಕೆಡುವುದಿಲ್ಲ. ಇದು ಎಂದೂ ಬದಲಾಗಿಲ್ಲ ಎಂದು ಸುಳ್ಳು ಹೇಳಿದಾಗ, ನಿನ್ನೆ ಮೊನ್ನೆಯ ನಮ್ಮ ಅನುಕೂಲವೇ ದೇವರ ಅಪ್ಪಣೆಯಾಗಿ ಕೂತುಬಿಡುತ್ತದೆ. ನನ್ನ ತಕರಾರು ಇಷ್ಟೇ.

ಇದು ನಮ್ಮ ಒಬ್ಬರ ಪ್ರಶ್ನೆಯೂ ಅಲ್ಲ. ಹೊನ್ನಾವರದ ಕಡೆಯ ಒಬ್ಬ ವೃದ್ಧ ಪಾದ್ರಿ ನನಗೆ ಬಸ್ಸಿನ ಸ್ನೇಹಿತರು. ಅವರ ರೋಮನ್ ಸಭೆಯಲ್ಲಿ ಮದುವೆ ಎಂಬ ಸಂಸ್ಕಾರವನ್ನು ಕೊಡುವವರು ಪಾದ್ರಿಯಲ್ಲವಂತೆ, ಗಂಡು ಹೆಣ್ಣು ಪರಸ್ಪರ ಕೊಟ್ಟುಕೊಳ್ಳುವುದಂತೆ, ಪಾದ್ರಿ ಸಾಕ್ಷಿ. 1563ರಲ್ಲಿ ಟ್ರೆಂಟ್ ಮಹಾಸಭೆ ಪಾದ್ರಿ ಮತ್ತು ಸಾಕ್ಷಿಗಳು ಇರಲೇಬೇಕು ಎಂದು ವಿಧಿಸುವ ತನಕ, ಯಾರೂ ಇಲ್ಲದೆ ಇಬ್ಬರೇ ಮಾತು ಕೊಟ್ಟುಕೊಂಡರೂ ಯುರೋಪಿನಲ್ಲಿ ಅದು ಮದುವೆಯೇ ಆಗಿತ್ತು. ಕೊಟ್ಟೇ ಇಲ್ಲ ಎಂದು ಆಮೇಲೆ ಗಂಡಸು ತಿರುಗಿ ಬೀಳುತ್ತಿದ್ದ, ಹಾಗಾಗಿ ಸಾಕ್ಷಿ ಬೇಕಾಯಿತು. ಪೂರ್ವದ ಆರ್ಥೊಡಾಕ್ಸ್ ಸಭೆಗಳಲ್ಲಿ ಮಾತ್ರ ಗುರುವಿನ ಆಶೀರ್ವಾದವೇ ಮದುವೆಯನ್ನು ಮಾಡುವುದು. ಮಾತು ಕೊಟ್ಟು ತಿರುಗಿಬಿದ್ದ ಆ ಗಂಡಸರ ಸುದ್ದಿ ಕೇಳಿ, ನಮ್ಮ ದುಷ್ಯಂತನ ಕಥೆ ನಿಮಗೂ ಇತ್ತಲ್ಲ ಎಂದೆ. ಭಟ್ಕಳದ ನವಾಯತರ ನಿಕಾಹ್‌ನಲ್ಲಿ ಒಪ್ಪಿಗೆ, ಸಾಕ್ಷಿಗಳು, ಹೆಣ್ಣಿನ ಪರವಾಗಿ ವಲಿಯಾಗಿ ಅಪ್ಪ. ಮೆಹರ್ ಮಾತ್ರ ಅಪ್ಪನಿಗಲ್ಲ, ಅವಳಿಗೇ ಸೇರಬೇಕು. ಆ ಒಂದು ಅಂಶ ನಮ್ಮ ಶುಲ್ಕದವರಿಗೆ ಹೊಳೆದಿದ್ದರೆ ಕರ್ಕಿಯ ಶಾಸ್ತ್ರಿಗಳಿಗೆ ನಾಟಕ ಬರೆಯುವ ಕೆಲಸ ಇರುತ್ತಿರಲಿಲ್ಲ. ಕೊಡವರಿಗೆ ಮದುವೆಯಲ್ಲಿ ಪುರೋಹಿತನೇ ಬೇಡ, ಹಿರಿಯರು ಅಕ್ಕಿ ಹಾಕಿ ಹರಸುತ್ತಾರೆ. ಕುವೆಂಪು ಅವರ ಮಂತ್ರಮಾಂಗಲ್ಯದಲ್ಲೂ ಬೇಡ. 1966ರಲ್ಲಿ ಅವರ ಮಗ ತೇಜಸ್ವಿ ಆ ಕ್ರಮದಲ್ಲೇ ಮದುವೆಯಾದರು. ಹೊಟ್ಟೆಪಾಡಿನ ಮಟ್ಟಿಗೆ ನಾನು ಅದರ ವಿರೋಧಿ ಎಂದು ಬಿಚ್ಚಿಯೇ ಹೇಳುತ್ತೇನೆ. ಅದರಾಚೆ ನನ್ನ ಒಂದೇ ಹಠ: ಮಾತು ಸಾಲದು, ಕೈ ಕಾಲಿಗೂ ಕೆಲಸ ಕೊಡಬೇಕು. ಹಿಡಿದ ಕೈ, ಇಟ್ಟ ಹೆಜ್ಜೆ, ಬೆಂಕಿಯ ಬಿಸಿ ಮೈಗೆ ನೆನಪಿರುತ್ತವೆ. ಮಾತನ್ನು ಮರೆಯುವುದು ಸುಲಭ. ಆ ಏಳು ಹೆಜ್ಜೆಗಳಲ್ಲಿ ಅನ್ನ, ಬಲ, ಸಂಪತ್ತು, ಸಂತಾನ ಎಲ್ಲವನ್ನೂ ಕೇಳಿ ಕೊನೆಯದರಲ್ಲಿ ಕೇಳುವುದು ಗೆಳೆತನವನ್ನು, ಅದನ್ನು ಯಾರೂ ದಾನವಾಗಿ ಕೊಡಲಾರರು.

ಹೋದ ಮಾಘದಲ್ಲಿ ವಿಚ್ಛೇದನವಾದ ಹುಡುಗಿಯೊಬ್ಬಳ ಮದುವೆ ಬಂತು. ಹುಡುಗನಿಗೂ ಎರಡನೆಯದು, ಅವನ ಬಗ್ಗೆ ಯಾರಿಗೂ ಸಂದೇಹ ಬರಲಿಲ್ಲ ಎನ್ನುವುದನ್ನು ಗಮನಿಸಿ. ಹುಡುಗಿಯ ಅಪ್ಪ ಮಾತ್ರ ಎರಡು ಸಲ ಮನೆಗೆ ಬಂದು ಜಗಲಿಯಲ್ಲಿ ಕೂತರು. "ಒಂದ್ಸಲ ಕೊಟ್ಟಾತು. ಇನ್ನೆಂತ ಹೇಳಿ ಕೊಡದು ಭಟ್ರೇ?" ಕನ್ಯೆಯನ್ನು ಕೊಡುವುದು ಒಮ್ಮೆ ಮಾತ್ರ ಎಂಬ ಮನುವಿನ ಮಾತು ಅವರಿಗೆ ಎಲ್ಲಿಂದಲೋ ಗೊತ್ತಿತ್ತು. ಬೋಧಾಯನ ಧರ್ಮಸೂತ್ರದಲ್ಲಿ ಪುನಃಸಂಸ್ಕಾರದ ಮಾತಿದೆ. ಆದರೆ ಅದು ಮಂತ್ರದಿಂದ ಮದುವೆಯಾಗಿ ಗಂಡನ ಸಂಗವಾಗುವ ಮೊದಲೇ ಅವನನ್ನು ಕಳೆದುಕೊಂಡವಳಿಗೆ, ಇವಳಿಗೆ ಅದು ಪೂರ್ತಿ ಹೊಂದುವುದಿಲ್ಲ. ಹೊಂದಿಸಿ ಹೇಳಿದ್ದರೆ ಅವರು ನಂಬುತ್ತಿದ್ದರು. ಹಾಗೆ ಮಾಡಲು ಮನಸ್ಸಾಗಲಿಲ್ಲ. ಒಳಗಿಂದ ಚಹಾ ತಂದ ನನ್ನ ಹೆಂಡತಿ, "ಆ ಕೂಸಿನ ಕೇಳಿದ್ರಾ?" ಎಂದಳು. ಕೇಳಿರಲಿಲ್ಲ. ಫೋನು ಮಾಡಿದರೆ ಅವಳು ಒಂದು ಗಳಿಗೆಯೂ ತಡಮಾಡಲಿಲ್ಲ: "ಕೊಡದೂ ಬ್ಯಾಡ, ತಗಳದೂ ಬ್ಯಾಡ. ಆನೇ ಬತ್ತಿ."

ಹಾಗೆಯೇ ಮಾಡಿಸಿದೆ. ನಾಂದಿ, ಅಂತರಪಟ, ಮಾಲೆ; ಅಲ್ಲಿಂದ ಧಾರೆಯನ್ನು ಬಿಟ್ಟು ನೇರ ಪಾಣಿಗ್ರಹಣಕ್ಕೆ. ಎಲ್ಲಿಯಾದರೂ ಮಂತ್ರ ತುಂಡಾದೀತೆಂದು ಹಿಂದಿನ ರಾತ್ರಿ ಪ್ರಯೋಗವನ್ನು ಮತ್ತೆ ಮತ್ತೆ ತಿರುವಿ ನೋಡಿದ್ದೆ, ಎಲ್ಲಿಯೂ ಬಿರುಕು ಕಾಣಲಿಲ್ಲ. ಅಪ್ಪ ಅಮ್ಮ ಪಕ್ಕದಲ್ಲೇ ನಿಂತಿದ್ದರು, ಕೈಯಲ್ಲಿ ತಂಬಿಗೆ ಇರಲಿಲ್ಲ, ಅಷ್ಟೇ. ಹೆಂಗಸರ ಸಾಲಿನಲ್ಲಿ ಸ್ವಲ್ಪ ಗುಸುಗುಸು ಎದ್ದು ಹಾಡು ಶುರುವಾದ ಮೇಲೆ ಅಡಗಿತು. ಲಾಜಾಹೋಮ ಮುಗಿದು ಸಪ್ತಪದಿಗೆ ಅಕ್ಕಿಯ ರಾಶಿ ಇಡುತ್ತಿದ್ದಾಗ ಛಾಯಾಗ್ರಾಹಕ ಓಡಿಬಂದ. "ಭಟ್ರೇ, ಧಾರೆ ಫೋಟೋನೇ ಆಗಿಲ್ಲ. ಆಲ್ಬಮ್ ಎಲ್ಲಿಂದ ಶುರು ಮಾಡ್ಲಿ?" ಕೈ ಹಿಡಿದದ್ದರಿಂದ ಮಾಡು ಎಂದೆ. ಅದು ಯಾವಾಗ ಆಯಿತು ಎಂದು ಅವನು ಕೇಳಿದ. ಆಗ ಅವನು ತಿಂಡಿಗೆ ಹೋಗಿದ್ದನಂತೆ. ನಾನು ಬಾಯಿ ತೆರೆಯುವ ಮೊದಲೇ ಮದುಮಗಳು, "ಮತ್ತೊಂದ್ಸಲ ಹಿಡೀತೇವೆ, ತೆಗಿ" ಎಂದು ಗಂಡನ ಕೈ ಎಳೆದುಕೊಂಡಳು. ಎಲೆ ಹಾಕುವುದು ಒಂದು ಗಂಟೆಯಾಯಿತು, ಅಡಿಗೆಯವರು ನನ್ನ ಮೇಲೆ ರೇಗಿದರು.